ಮಗುವಿಗೊಂದು ಮನೆ



ದತ್ತು ಎಂಬ ಮಾತು ನಿಮಗೆ ಹೊಸದಲ್ಲ. ಇತಿಹಾಸದ ಪಾಠದಲ್ಲಿ ಅದನ್ನು ಓದಿದ್ದೀರಿ. ಕಿತ್ತೂರಿನ ದತ್ತುಪುತ್ರನನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. 1824ರಲ್ಲಿ ರಾಣಿ ಚೆನ್ನಮ್ಮ ಯುದ್ಧಕ್ಕೇ ನಿಲ್ಲಬೇಕಾಯಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡ ಬಾಲಕನಿಗೇ ಮುಂದೆ 1881ರಲ್ಲಿ ರಾಜ್ಯ ಮರಳಿ ದೊರೆಯಿತು. ಈ ಎರಡು ಪ್ರಸಂಗಗಳಲ್ಲೂ ಇದ್ದ ಪ್ರಶ್ನೆ ಒಂದೇ: ವಂಶಕ್ಕೆ ಯಾರು? ಇಂದಿನ ಕಾನೂನು ಕೇಳುವ ಪ್ರಶ್ನೆ ಬೇರೆ: ಈ ಮಗುವಿಗೆ ತಕ್ಕ ಮನೆ ಯಾವುದು? ಈ ವ್ಯತ್ಯಾಸವನ್ನು ತಿಳಿದರೆ, ದತ್ತು ಪಡೆಯುವವರು ಏಕೆ ಇಷ್ಟು ದಿನ ಕಾಯಬೇಕಾಗುತ್ತದೆ ಎಂಬುದೂ ತಿಳಿಯುತ್ತದೆ.

ಕುಮಾರಸ್ವಾಮಿ ಲೇಔಟಿನಂಥ ಬಡಾವಣೆಗಳಲ್ಲಿ ಅಜ್ಜ ಅಜ್ಜಿ ಇಲ್ಲಿ, ಮಗ ಸೊಸೆ ಹೊರದೇಶದಲ್ಲಿ ಇರುವ ಮನೆಗಳು ಅಪರೂಪವಲ್ಲ. ಅಂಥ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮಗ ಸೊಸೆ ಅಮೆರಿಕದಲ್ಲಿದ್ದಾರೆ. ಭಾರತದಿಂದ ಅಣ್ಣ ತಂಗಿ ಇಬ್ಬರನ್ನು ದತ್ತು ಪಡೆಯಲು ಹೆಸರು ನೋಂದಾಯಿಸಿದ್ದಾರೆ. ಪೋಷಕರು ಭಾರತೀಯರೇ ಆದರೂ ಮಕ್ಕಳು ಬೇರೆ ದೇಶಕ್ಕೆ ಹೋಗುವುದರಿಂದ ಕಾನೂನು ಇದನ್ನು ಅಂತರ್‌ದೇಶೀಯ ದತ್ತು ಎನ್ನುತ್ತದೆ. "ಇನ್ನೂ ಎಷ್ಟು ದಿನವಪ್ಪಾ?" ಎಂದು ಅಜ್ಜಿ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾರೆ. ಅಜ್ಜಿಯ ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕಾಗಿ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

1982ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಭಾರತದ ಮಕ್ಕಳನ್ನು ವಿದೇಶೀಯರಿಗೆ ದತ್ತು ಕೊಡುವಲ್ಲಿ ಅಕ್ರಮಗಳು ನಡೆಯುತ್ತಿವೆ ಎಂಬುದು ಅವರ ದೂರು. ಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿತು. 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ನೀಡಿದ ತೀರ್ಪು, ಮಗುವಿನ ಹಿತವೇ ಮುಖ್ಯ ಎಂಬ ತತ್ತ್ವದ ಮೇಲೆ ವಿವರವಾದ ನಿಯಮಗಳನ್ನು ಹಾಕಿಕೊಟ್ಟಿತು. 1990ರಲ್ಲಿ ಕೇಂದ್ರ ಸರ್ಕಾರ 'ಕಾರಾ' ಎಂಬ ಕೇಂದ್ರ ದತ್ತು ಸಂಸ್ಥೆಯನ್ನು ಸ್ಥಾಪಿಸಿತು. ದೇಶದೇಶಗಳ ನಡುವಿನ ದತ್ತುವಿಗಾಗಿ 1993ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದಕ್ಕೆ ಭಾರತ 2003ರಲ್ಲಿ ಸೇರಿತು. ಇಂದು ಈ ಕೆಲಸವೆಲ್ಲ ನಡೆಯುತ್ತಿರುವುದು 2015ರ ಬಾಲನ್ಯಾಯ ಕಾಯ್ದೆ ಮತ್ತು 2022ರ ದತ್ತು ನಿಯಮಗಳಂತೆ.

ಹಾಗಾದರೆ ಕಾಯುವ ಕಾಲದಲ್ಲಿ ಏನು ನಡೆಯುತ್ತದೆ? ಮೊದಲು ಮಗುವಿನ ಕಡೆ ನೋಡೋಣ. ತಂದೆತಾಯಿಯರೇ ಮಗುವನ್ನು ಒಪ್ಪಿಸಿದ್ದರೆ, ಮನಸ್ಸು ಬದಲಾಯಿಸಲು ಅವರಿಗೆ 60 ದಿನಗಳ ಅವಕಾಶವಿದೆ. ಮಗು ಎಲ್ಲೋ ಸಿಕ್ಕಿದ್ದರೆ ಅದರ ಹೆತ್ತವರನ್ನು ಹುಡುಕಬೇಕು. ಆಮೇಲಷ್ಟೇ ಮಕ್ಕಳ ಕಲ್ಯಾಣ ಸಮಿತಿಯು ಮಗುವನ್ನು ದತ್ತು ಕೊಡಬಹುದೆಂದು ಘೋಷಿಸುತ್ತದೆ. ಮೊದಲ ಅವಕಾಶ ದೇಶದಲ್ಲಿರುವ ಪೋಷಕರಿಗೆ ಮತ್ತು ಅವರಿಗೆ ಸಮಾನವಾಗಿ ಅನಿವಾಸಿ ಭಾರತೀಯರಿಗೆ. 60 ದಿನಗಳಲ್ಲಿ ಅಂಥ ಮನೆ ಸಿಗದಿದ್ದರೆ ಮಾತ್ರ ವಿದೇಶೀಯರ ಸರದಿ. ಐದು ವರ್ಷ ಮೀರಿದ ಮಕ್ಕಳು, ಒಡಹುಟ್ಟಿದವರು, ಅಂಗವೈಕಲ್ಯವುಳ್ಳವರು - ಇವರ ವಿಷಯದಲ್ಲಿ ಅಂತರ್‌ದೇಶೀಯ ದತ್ತುವಿಗೆ ಆದ್ಯತೆ ನೀಡಬಹುದು.

ಇನ್ನು ಪೋಷಕರ ಕಡೆ. ಅಮೆರಿಕದಲ್ಲಿ ಕಾರಾ ಮಾನ್ಯತೆ ಪಡೆದ ಸಂಸ್ಥೆಯೊಂದರ ಸಮಾಜ ಕಾರ್ಯಕರ್ತರು ಮನೆಗೆ ಬಂದು ಗಂಡ ಹೆಂಡಿರ ಆರೋಗ್ಯ, ಆದಾಯ, ಸ್ವಭಾವ ಎಲ್ಲವನ್ನೂ ವಿಚಾರಿಸಿ ವರದಿ ಬರೆಯುತ್ತಾರೆ. ಸರದಿ ಬಂದಾಗ ಮಕ್ಕಳ ಚಿತ್ರ, ಪರಿಚಯ ಮತ್ತು ವೈದ್ಯಕೀಯ ವರದಿ ಅವರ ಕೈಸೇರುತ್ತವೆ. ಒಪ್ಪಿದ ಮೇಲೆ ಕಾರಾದ ನಿರಾಕ್ಷೇಪಣಾ ಪತ್ರ, ಆಮೇಲೆ ಜಿಲ್ಲಾಧಿಕಾರಿಯ ಆದೇಶ. 2022ರ ಸೆಪ್ಟೆಂಬರಿಗೆ ಮೊದಲು ಈ ಆದೇಶವನ್ನು ನ್ಯಾಯಾಲಯ ಕೊಡುತ್ತಿತ್ತು. ಕೊನೆಗೆ ಪಾಸ್‌ಪೋರ್ಟು, ವೀಸಾ. ಮಕ್ಕಳು ಮನೆ ಸೇರಿದ ಮೇಲೂ ಎರಡು ವರ್ಷ ಅವರ ಕ್ಷೇಮದ ವರದಿ ಬರುತ್ತಿರಬೇಕು.

2024-25ರಲ್ಲಿ ದೇಶದಲ್ಲಿ 4,515 ಮಕ್ಕಳು ದತ್ತು ಹೋದರು. ಅವರಲ್ಲಿ 4,155 ಮಂದಿಗೆ ದೇಶದೊಳಗೇ ಮನೆ ಸಿಕ್ಕಿತು. ಕಾಯುತ್ತಿರುವ ಪೋಷಕರ ಸಂಖ್ಯೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಅವರಲ್ಲಿ ಬಹಳ ಮಂದಿಗೆ ಬೇಕಾದದ್ದು ಎಳೆಗೂಸು. ಹಾಗಾಗಿ ಏಳೆಂಟು ವರ್ಷದ ಮಗು ತಾನೂ ಕಾಯುತ್ತಲೇ ಇರುತ್ತದೆ. ಇದನ್ನು ನಾವು ಮರೆಯುತ್ತೇವೆ. ಜೊತೆಯವರೆಲ್ಲ ಒಬ್ಬೊಬ್ಬರಾಗಿ ಹೋಗುವುದನ್ನು ನೋಡುತ್ತಾ ಕುಳಿತ ಮಗುವಿಗೆ ಒಂದೊಂದು ತಿಂಗಳೂ ದೊಡ್ಡದು. ಆದ್ದರಿಂದ ವಿಚಾರಣೆಯಲ್ಲಿ ಅವಸರ ಸಲ್ಲದು. ಕಡತಗಳನ್ನು ಸುಮ್ಮನೆ ಇಟ್ಟುಕೊಂಡು ಕೂರುವುದಂತೂ ಸಲ್ಲಲೇ ಸಲ್ಲದು.

ಕಾಯುವ ಕಾಲ ಸಿದ್ಧತೆಯ ಕಾಲವೂ ಹೌದು. ಮಂಚ, ಬಟ್ಟೆ, ಆಟದ ಸಾಮಾನು ಕೊಳ್ಳುವುದು ಸುಲಭ. ಕಷ್ಟವಾದದ್ದು ಮನಸ್ಸಿನ ಸಿದ್ಧತೆ. ಹತ್ತಾರು ಮಕ್ಕಳ ನಡುವೆ ಮಲಗಿ ಅಭ್ಯಾಸವಾದ ಮಗುವಿಗೆ ಒಂಟಿ ಕೋಣೆ ಭಯ ಹುಟ್ಟಿಸಬಹುದು. ಅದು ತಿಂಡಿಯನ್ನು ದಿಂಬಿನ ಕೆಳಗೆ ಬಚ್ಚಿಡಬಹುದು. ತಿಂಗಳುಗಟ್ಟಲೆ "ಅಮ್ಮಾ" ಎನ್ನದೆ ಇರಬಹುದು. ಇದು ಹಟವಲ್ಲ, ಕೃತಘ್ನತೆಯೂ ಅಲ್ಲ. ತನಗೆ ತಿಳಿದ ಜನ, ಊಟ, ಭಾಷೆ ಎಲ್ಲವನ್ನೂ ಒಂದೇ ಸಲ ಬಿಟ್ಟು ಬಂದ ಮಗುವಿನ ದುಃಖ ಅದು. ಅದಕ್ಕೇ ಮಕ್ಕಳಿಗೆ ಮುಂಚೆಯೇ ಹೊಸ ಮನೆಯವರ ಭಾವಚಿತ್ರಗಳನ್ನು ತೋರಿಸಬೇಕು, ವಿಡಿಯೊ ಕರೆಯಲ್ಲಿ ಮಾತನಾಡಿಸಬೇಕು. ಮಕ್ಕಳ ಮಾತು ಒಡಿಯಾ ಆಗಿದ್ದರೆ ಕುಮಾರಸ್ವಾಮಿ ಲೇಔಟಿನ ಅಜ್ಜಿಯೂ ನಾಲ್ಕು ಒಡಿಯಾ ಮಾತು ಕಲಿಯಲಿ.

ಮತ್ತೊಂದು ಸಿದ್ಧತೆ, ಸತ್ಯ ಹೇಳುವುದು. ಪಂಪನಲ್ಲೂ ಕುಮಾರವ್ಯಾಸನಲ್ಲೂ ನೀವು ಕರ್ಣನನ್ನು ಓದುತ್ತೀರಿ. ರಾಧೆಯ ಪ್ರೀತಿಗೆ ಏನೂ ಕೊರತೆಯಿರಲಿಲ್ಲ. ಆದರೆ ಹುಟ್ಟಿನ ಸಂಗತಿ ಅವನಿಗೆ ತಿಳಿದದ್ದು ಯುದ್ಧ ಬಾಗಿಲಿಗೆ ಬಂದಾಗ. ಆಗ ತಿಳಿದ ಸತ್ಯ ಅವನಿಗೆ ನೋವನ್ನಲ್ಲದೆ ಬೇರೇನೂ ಕೊಡಲಿಲ್ಲ. ದತ್ತು ಬಂದ ಮಗುವಿಗೆ ತನ್ನ ಕಥೆ ಚಿಕ್ಕಂದಿನಿಂದಲೇ, ವಯಸ್ಸಿಗೆ ತಕ್ಕ ಮಾತಿನಲ್ಲಿ, ಮನೆಯವರ ಬಾಯಿಂದಲೇ ತಿಳಿಯಬೇಕು. ತನ್ನ ಮೂಲವನ್ನು ತಿಳಿಯಲು ಬಯಸುವ ದತ್ತು ಮಗುವಿಗೆ ನಮ್ಮ ನಿಯಮಗಳಲ್ಲೂ ಅವಕಾಶವಿದೆ. 18 ವರ್ಷವಾದ ಮೇಲೆ ತಾನೇ ಅರ್ಜಿ ಕೊಡಬಹುದು.

ಇದರಲ್ಲಿ ನಿಮ್ಮ ಪಾಲೇನು ಎಂದು ಕೇಳುವಿರಾ? ದತ್ತು ಬಂದ ಮಗು ನಾಳೆ ನಿಮ್ಮ ಚಿಕ್ಕಪ್ಪನ ಮಗಳಾಗಬಹುದು, ನಿಮ್ಮ ತಮ್ಮನ ತರಗತಿಯ ಗೆಳೆಯನಾಗಬಹುದು. "ನಿನ್ನ ನಿಜವಾದ ಅಮ್ಮ ಯಾರು?" ಎಂದು ಕೇಳಬೇಡಿ. "ಪಾಪ, ಪುಣ್ಯ ಮಾಡಿತ್ತು" ಎಂದೂ ಹೇಳಬೇಡಿ. ಕ್ರಿಕೆಟ್ ಆಡಲು ಕರೆಯಿರಿ, ಪುಸ್ತಕ ಹಂಚಿಕೊಳ್ಳಿ, ಜಗಳವಾದರೆ ಜಗಳವನ್ನೂ ಆಡಿ. ತಂದೆತಾಯಿ ವರ್ಷಗಟ್ಟಲೆ ಕಾದು ಕಟ್ಟಿದ ಮನೆಯನ್ನು ಹೊರಗಿನವರ ಒಂದು ಮಾತು ಅಲುಗಾಡಿಸಬಲ್ಲದು. ಹಾಗೆಯೇ, ನಿಮ್ಮ ಒಂದು ಗೆಳೆತನ ಅದನ್ನು ಗಟ್ಟಿ ಮಾಡಬಲ್ಲದು.