ವೈದ್ಯ ಸಹಾಯಕರ ವಿದ್ಯೆ: ಯಾವ ಪಾಠಗಳನ್ನು ಆರಿಸಬೇಕು?

ತೆಂಗಿನಕಾಯಿಯನ್ನು ಅಟ್ಟಕ್ಕೆ ಏರಿಸುವ ಮುಂಚೆ ಬಲಿತದ್ದು ಯಾವುದು, ಎಳಸು ಯಾವುದು ಎಂದು ನೋಡಿ ಬೇರ್ಪಡಿಸುವುದು ನಮ್ಮ ಹಂದನಕೆರೆ ಸೀಮೆಯ ವಾಡಿಕೆ. ನೋಡದೆ ಏರಿಸಿದವನಿಗೆ ತನ್ನ ತಪ್ಪು ತಿಳಿಯುವುದು ವರ್ಷವೊಪ್ಪತ್ತು ಕಳೆದು ಕೊಬ್ಬರಿ ಸುಲಿಯುವ ದಿನ. ಮಕ್ಕಳ ಓದಿನ ಆಯ್ಕೆಯೂ ಹೀಗೆಯೇ.

ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ವೈದ್ಯ ಸಹಾಯಕ, ಎಂಬ ಹೆಸರನ್ನು ತಾವು ಈಚೆಗೆ ಕೇಳಿರಬಹುದು. ರೋಗಿಯ ಪೂರ್ವವೃತ್ತಾಂತವನ್ನು ಕೇಳಿ ಬರೆದುಕೊಳ್ಳುವುದು, ಮೈ ಪರೀಕ್ಷಿಸುವುದು, ಶಸ್ತ್ರಚಿಕಿತ್ಸೆಯಲ್ಲಿ ಕೈಜೋಡಿಸುವುದು ಇವರ ಕೆಲಸ. ಎಲ್ಲವೂ ಡಾಕ್ಟರ ಮೇಲ್ವಿಚಾರಣೆಯಲ್ಲಿ. 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಯೂಜೀನ್ ಸ್ಟೆಡ್ ಅವರು ನೌಕಾಪಡೆಯಲ್ಲಿ ಶುಶ್ರೂಷೆಯ ಅನುಭವವಿದ್ದ ನಾಲ್ವರಿಗೆ ಈ ಶಿಕ್ಷಣವನ್ನು ಆರಂಭಿಸಿದರು. ನಮ್ಮ ದೇಶದಲ್ಲಿ 1992ರಲ್ಲಿ, ಆಗಿನ ಮದರಾಸಿನಲ್ಲಿ, ಹೃದಯ ಶಸ್ತ್ರವೈದ್ಯ ಡಾಕ್ಟರ್ ಕೆ. ಎಂ. ಚೆರಿಯನ್ ಅವರು ಇದಕ್ಕೆ ನಾಂದಿ ಹಾಡಿದರು. 2021ರ ಕೇಂದ್ರ ಕಾಯಿದೆಯೊಂದು ಈ ವೃತ್ತಿಯನ್ನು ಆರೋಗ್ಯ ವೃತ್ತಿಗಳ ಪಟ್ಟಿಯಲ್ಲಿ ಸೇರಿಸಿದೆ.

ಈಗ ಹಂದನಕೆರೆಯ ಒಂದು ಮನೆಯನ್ನು ಎಣಿಸಿಕೊಳ್ಳಿ. ಮಗಳು ಎಸ್.ಎಸ್.ಎಲ್.ಸಿ. ಮುಗಿಸಿದ್ದಾಳೆ. "ಬಿ.ಎಸ್‌ಸಿ.ಯಲ್ಲಿ ಯಾವ ಪಾಠ ತೆಗೆದುಕೊಂಡರೆ ಆ ಕೆಲಸಕ್ಕೆ ಹೋಗಬಹುದು?" ಎಂದು ತಂದೆ ಕೇಳುತ್ತಾನೆ. ಅಮೆರಿಕದಲ್ಲಾದರೆ ಇದು ಸರಿಯಾದ ಪ್ರಶ್ನೆ. ಅಲ್ಲಿ ಮೊದಲು ಒಂದು ಪದವಿ. ಅದರಲ್ಲಿ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ, ರಸಾಯನ, ಸಂಖ್ಯಾಶಾಸ್ತ್ರಗಳಂಥ ಪಾಠಗಳು. ಅನಂತರ ವೈದ್ಯ ಸಹಾಯಕರ ಶಾಲೆ. ನಮ್ಮಲ್ಲಿ ಅದೇ ಒಂದು ಬಿ.ಎಸ್‌ಸಿ. ಸಾಮಾನ್ಯವಾಗಿ ನಾಲ್ಕು ವರ್ಷ, ಕೊನೆಯ ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಆದುದರಿಂದ ಇಲ್ಲಿ ಆಯ್ಕೆಯ ಬಾಗಿಲು ಪಿ.ಯು.ಸಿ.ಯಲ್ಲಿಯೇ ತೆರೆಯುತ್ತದೆ, ಅಲ್ಲಿಯೇ ಮುಚ್ಚುತ್ತದೆ.

ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಈ ಮೂರನ್ನು ಬಿಡಬಾರದು. ನಾಲ್ಕನೆಯದಾಗಿ ಗಣಿತವಿದ್ದರೆ ಬೇರೆ ದಾರಿಗಳೂ ಉಳಿಯುತ್ತವೆ. ಆದರೆ ನೆರೆಮನೆಯ ಹುಡುಗನನ್ನು ನೋಡಿ ಜೀವಶಾಸ್ತ್ರವನ್ನು ಬಿಟ್ಟು ಕಂಪ್ಯೂಟರನ್ನು ಆರಿಸಿದರೆ ಈ ದಾರಿ ಅಲ್ಲಿಗೆ ನಿಂತಿತು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳಲ್ಲಿ ಮೂರು ವರ್ಷ ಬಿ.ಎಸ್‌ಸಿ. ಓದಿ ಆಮೇಲೆ ಇತ್ತ ತಿರುಗುವವರು ಮತ್ತೆ ಮೊದಲನೆಯ ವರ್ಷದಿಂದಲೇ ಹೊರಡಬೇಕಾದೀತು. ಕನ್ನಡ ಮಾಧ್ಯಮದಿಂದ ಬಂದ ಮಗು ಎರಡು ವರ್ಷಗಳಲ್ಲಿ ಇಂಗ್ಲಿಷನ್ನು ಗಟ್ಟಿ ಮಾಡಿಕೊಳ್ಳಲಿ. ಎಲುಬು, ನರ, ಔಷಧಗಳ ಹೆಸರೆಲ್ಲ ಮುಂದೆ ಆ ಭಾಷೆಯಲ್ಲಿಯೇ ಎದುರಾಗುತ್ತವೆ.

ಇನ್ನು ತಂದೆತಾಯಿಗಳಿಗೆ ಎರಡು ಮಾತು. ತಿಪಟೂರಿನಲ್ಲಿ ಕೊಬ್ಬರಿ ಮಾರಿ ತಂದ ಹಣವನ್ನು ಕಟ್ಟುವ ಮುಂಚೆ, ಪದವಿ ಕೊಡುವ ವಿಶ್ವವಿದ್ಯಾನಿಲಯ ಯಾವುದು, ಆ ಕಾಲೇಜಿಗೆ ಈ ಪಾಠಕ್ರಮದ ಅನುಮತಿ ಉಂಟೇ, ತರಬೇತಿ ಯಾವ ಆಸ್ಪತ್ರೆಯಲ್ಲಿ, ಹಿಂದೆ ಓದಿದವರು ಈಗ ಎಲ್ಲಿದ್ದಾರೆ, ಸಂಬಳವೆಷ್ಟು ಎಂಬುದನ್ನು ಹೋಗಿ ವಿಚಾರಿಸಿರಿ. "ಇದನ್ನು ಓದಿ ಅಮೆರಿಕಕ್ಕೆ ಹೋಗಬಹುದು" ಎಂದು ಯಾರಾದರೂ ಹೇಳಿದರೆ ಒಡನೆ ನಂಬಬೇಡಿ. ಅಲ್ಲಿನ ಮಾನ್ಯತೆ ಪಡೆದ ಶಾಲೆಯಲ್ಲಿ ಕಲಿತವರಿಗೆ ಮಾತ್ರ ಅಲ್ಲಿನ ಅರ್ಹತಾ ಪರೀಕ್ಷೆ ಉಂಟು.

ಎರಡನೆಯದು ಹಣಕ್ಕಿಂತ ದೊಡ್ಡದು. ಈ ಪದವಿಯಿಂದ ಮಗಳು ಡಾಕ್ಟರಾಗುವುದಿಲ್ಲ. ಊರಿಗೆ ಬಂದು ಬೋರ್ಡು ಹಾಕಿ ಔಷಧ ಕೊಡುವ ಅಧಿಕಾರ ಅವಳಿಗಿಲ್ಲ. ಡಾಕ್ಟರಿಕೆಯ ಸೀಟು ಸಿಕ್ಕಲಿಲ್ಲವೆಂಬ ಸಮಾಧಾನಕ್ಕಾಗಿ ಇದನ್ನು ಹಿಡಿದರೆ ಜೀವಮಾನವೆಲ್ಲ ಕೊರಗು. ಮರದಿಂದ ಬಿದ್ದವನನ್ನು ಆಸ್ಪತ್ರೆಗೆ ತಂದಾಗ ಡಾಕ್ಟರ ಪಕ್ಕದಲ್ಲಿ ನಿಂತು, ತನಗೆ ತಿಳಿದಷ್ಟನ್ನು ಚೆನ್ನಾಗಿ ಮಾಡಿ, ತಿಳಿಯದುದನ್ನು ಒಡನೆ ಕೇಳುವ ಮನಸ್ಸು ಉಂಟೇ ಎಂದು ಮಗಳನ್ನೇ ಕೇಳಿ ನೋಡಿ. ಉಂಟೆಂದರೆ ಧೈರ್ಯವಾಗಿ ಕಳುಹಿಸಿ. ಇಲ್ಲವೆಂದರೆ, ಅರ್ಜಿ ತುಂಬುವ ಮುಂಚೆಯೇ ಅವಳು ಅದನ್ನು ಹೇಳಿದ್ದಕ್ಕೆ ಸಂತೋಷಪಡಿ.