ಪೊರೆ ಸೋಸಿದ ಲೋಹ ಎಲ್ಲಿ ಹೋಯಿತು?



ಗೊರೂರು ಅಣೆಕಟ್ಟೆಯ ನಾಲೆಗಳು ಹರಿದಿದ್ದರೂ ಹಾಸನ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳಲ್ಲಿ, ಅದಕ್ಕಿಂತಲೂ ಚನ್ನರಾಯಪಟ್ಟಣದ ತೆಂಗಿನ ಸೀಮೆಯಲ್ಲಿ, ಕೊಳವೆ ಬಾವಿಯನ್ನೇ ನಂಬಿದ ಮನೆಗಳು ಬಹಳ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಕೊಂಡು ಬರುವುದೂ ರೂಢಿಯಾಗಿದೆ. ಆ ಘಟಕದೊಳಗೆ ಕೆಲಸ ಮಾಡುವುದು ಪಾಲಿಮರ್ ಎಂಬ ವಸ್ತುವಿನ ತೆಳು ಪೊರೆ.

1960ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್ ಇಂಥ ಪೊರೆಯನ್ನು ಬಳಕೆಗೆ ಬರುವಂತೆ ತಯಾರಿಸಿದರು. ಅವರ ಗುರಿ ಸಮುದ್ರದ ಉಪ್ಪನ್ನು ತೆಗೆಯುವುದಾಗಿತ್ತು. ಒತ್ತಡ ಕೊಟ್ಟು ನೂಕಿದಾಗ ನೀರು ಪೊರೆಯನ್ನು ದಾಟುತ್ತದೆ. ಕರಗಿದ ಸೀಸ, ಕ್ಯಾಡ್ಮಿಯಂಗಳು ಬಹುಪಾಲು ಹಿಂದೆ ಉಳಿಯುತ್ತವೆ. ಅಂಗಡಿಯಲ್ಲಿ ಅಲ್ಟ್ರಾ ಫಿಲ್ಟರ್ ಎಂದು ಮಾರುವ ಪೊರೆಯ ರಂಧ್ರಗಳು ಇದಕ್ಕಿಂತ ದೊಡ್ಡವು. ಅದು ಕೆಸರನ್ನು, ರೋಗಾಣುಗಳನ್ನು ತಡೆದೀತು, ಕರಗಿದ ಲೋಹವನ್ನಲ್ಲ. ನೀರನ್ನು ಕುದಿಸಿದರೂ ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಪೊರೆ ಲೋಹವನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೇ. ಲೀಟರಿಗೆ 0.03 ಮಿಲಿಗ್ರಾಂ ಸೀಸವಿರುವ 100 ಲೀಟರ್ ನೀರು ಘಟಕಕ್ಕೆ ಹೋಗಿ, 40 ಲೀಟರ್ ಕುಡಿಯಲು, 60 ಲೀಟರ್ ತ್ಯಾಜ್ಯವಾಗಿ ಬಂತೆನ್ನೋಣ. ಒಟ್ಟು 3 ಮಿಲಿಗ್ರಾಂ ಸೀಸದ ಬಹುಪಾಲು ಆ 60 ಲೀಟರಿನಲ್ಲೇ ಇದೆ. ಅಂದರೆ ಲೀಟರಿಗೆ ಸುಮಾರು 0.05 ಮಿಲಿಗ್ರಾಂ. ಭಾರತೀಯ ಮಾನಕ ಕುಡಿಯುವ ನೀರಿಗೆ ಒಪ್ಪುವುದು 0.01 ಮಾತ್ರ, ಕ್ಯಾಡ್ಮಿಯಂ ಆದರೆ 0.003. ಕ್ಯಾನು ಹಿಡಿದು ನಿಂತವರು ಮುಂದಿನ ನಲ್ಲಿಯನ್ನು ನೋಡುತ್ತಾರೆ, ಹಿಂದಿನ ಕೊಳವೆಯನ್ನು ಯಾರೂ ನೋಡುವುದಿಲ್ಲ!

ಲೋಹವಿಲ್ಲವೆಂದು ಪರೀಕ್ಷೆಯಿಂದ ತಿಳಿದರೆ ತ್ಯಾಜ್ಯ ನೀರನ್ನು ಶೌಚಕ್ಕೆ, ನೆಲ ತೊಳೆಯಲು ಬಳಸಬಹುದು. ಉಪ್ಪಿನಂಶ ಹಿತಮಿತವಾಗಿದ್ದರೆ ತೆಂಗು ಅದನ್ನು ತಡೆದುಕೊಳ್ಳುತ್ತದೆ; ಹುರುಳಿಕಾಯಿ ತಡೆಯದು. ಲೋಹ ಕಂಡುಬಂದರೆ ಮಾತ್ರ ಆ ನೀರನ್ನು ದನಗಳ ತೊಟ್ಟಿಗಾಗಲಿ, ಇಂಗುಗುಂಡಿಗಾಗಲಿ, ಸೊಪ್ಪಿನ ಮಡಿಗಾಗಲಿ ಬಿಡಕೂಡದು. ಸೊಪ್ಪುಗಳು ಕ್ಯಾಡ್ಮಿಯಂ ಅನ್ನು ಎಲೆಯಲ್ಲಿ ಶೇಖರಿಸಿಕೊಳ್ಳುತ್ತವೆ. ಇಂಗುಗುಂಡಿಗೆ ಬಿಟ್ಟರೆ ತೆಗೆದ ಲೋಹವನ್ನು ಬಾವಿಗೇ ಹಿಂತಿರುಗಿಸಿದಂತೆ. ಅಂಥ ಕಡೆ ಘಟಕ ಹಾಕುವುದಕ್ಕಿಂತ ಬೇರೆ ನೀರಿನ ಮೂಲ ಹುಡುಕುವುದೇ ಮೇಲು.

ಮಾರಾಟಗಾರರು ತೋರಿಸುವ ಟಿ.ಡಿ.ಎಸ್. ಮೀಟರನ್ನು ನಂಬಿ ಕೂರಬೇಡಿ. ಅದು ಒಟ್ಟು ಲವಣವನ್ನು ಅಂದಾಜು ಮಾಡುವ ಉಪಕರಣ. ನೂರಾರು ಮಿಲಿಗ್ರಾಂ ಲವಣದ ನಡುವೆ 0.01 ಮಿಲಿಗ್ರಾಂ ಸೀಸ ಅದಕ್ಕೆ ಕಾಣುವುದಿಲ್ಲ. ಪ್ರಯೋಗಾಲಯಕ್ಕೆ ಕೊಡುವಾಗ ಯಾವ ಲೋಹಗಳ ಪರೀಕ್ಷೆ ಬೇಕೆಂದು ಚೀಟಿಯಲ್ಲಿ ಬರೆಯಿರಿ, ಸಾಮಾನ್ಯ ಪರೀಕ್ಷೆಯಲ್ಲಿ ಅವು ಸೇರಿರದಿರಬಹುದು. ಬಾಟಲಿಯನ್ನು ಅಲ್ಲಿಂದಲೇ ಪಡೆಯಿರಿ. ಪಂಪನ್ನು ಕೆಲವು ನಿಮಿಷ ಓಡಿಸಿದ ಮೇಲೆ ಬಾವಿಯ ನೀರು ಒಂದು ಬಾಟಲಿ, ಸೋಸಿದ್ದು ಒಂದು, ತ್ಯಾಜ್ಯ ಒಂದು, ಹೀಗೆ ಮೂರನ್ನು ಬೇರೆ ಬೇರೆ ತುಂಬಿ, ಹೆಸರು ಬರೆದು ಕೊಡಿ.