ವಾಲಚಂದರ ವಿಮಾನ


ನಮ್ಮ ಸೊಲ್ಲಾಪುರದಲ್ಲಿ 1882ರಲ್ಲಿ ಜನಿಸಿದ ವಾಲಚಂದ ಹೀರಾಚಂದರು ಮೈಸೂರು ಸರಕಾರದ ಸಹಭಾಗದೊಡನೆ 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿ ಸಿದ್ಧವಾದ ಕರ್ಟಿಸ್ ಹಾಕ್ ಯುದ್ಧವಿಮಾನವು 1942ರಲ್ಲಿ ಹಾರಿತು. ಅದೇ ವರ್ಷ ಕಾರ್ಖಾನೆಯು ಸರಕಾರದ ವಶವಾಯಿತು.

ಅದೇ ವಿಮಾನದ ಮೂವತ್ತೆರಡರಲ್ಲೊಂದಂಶದ ಪ್ಲಾಸ್ಟಿಕ್ ಮಾದರಿಯನ್ನು ವಿಜಾಪುರ ರಸ್ತೆಯ ನಮ್ಮ ಮಕ್ಕಳೇ ಜೋಡಿಸಲೆಂಬುದು ನಮ್ಮ ಬಿನ್ನಹ. 37 ಅಡಿಯ ರೆಕ್ಕೆಯ ಹರವು ಇದರಲ್ಲಿ 14 ಅಂಗುಲ. ಇದರ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವುದರಿಂದ, ತಪ್ಪಿ ಕೂಡಿಸಿದುದನ್ನು ಬಿಡಿಸುವುದು ಕಷ್ಟ. ಆದುದರಿಂದ ಮೊದಲು ಅಂಟಿಲ್ಲದೆಯೇ ಕೂಡಿಸಿ ನೋಡತಕ್ಕದ್ದು. ಸಿದ್ಧ ಗೊಂಬೆ ಅಗ್ಗ, ನಿಜ. ಆದರೆ ಅದರ ಒಡಲೊಳಗೇನಿದೆಯೆಂದು ಮಗು ಅರಿಯದು. ಪೆಟ್ಟಿಗೆಯೊಳಗಣ ಸೂಚನೆಗಳನ್ನು ಗುರುಗಳು ಕನ್ನಡಿಸಿ ಹಲಗೆಯ ಮೇಲೆ ಬರೆಯಲಿ. ರೆಕ್ಕೆ, ಬಾಲ, ಚುಕ್ಕಾಣಿ: ಇವಕ್ಕೆಲ್ಲ ನಮ್ಮಲ್ಲಿ ಮಾತುಗಳುಂಟು.